ಕಂಬದ ಹವಳ: ನಿಂತ ಕಂಬಗಳನ್ನು ಎಣಿಸಿದರೆ ಲೆಕ್ಕ ಸಿಗುತ್ತದೆಯೇ?

ನೀರಡಿ

ಬಹಳ ದಿನಗಳಿಂದ ಇದನ್ನು ಬರೆಯಬೇಕು ಅಂದುಕೊಂಡಿದ್ದೆ. ನಾನು ಸ್ಕೂಬಾ ಡೈವಿಂಗ್ ಕಲಿತದ್ದು ಅಮೆರಿಕದ ಫ್ಲಾರಿಡಾ ಕೀಸ್ ದ್ವೀಪಸಾಲಿನ ಕಡಲಲ್ಲಿ, 2011ರಲ್ಲಿ. ಮೊದಲ ವಾರದಲ್ಲೇ ನಮ್ಮ ಗುರುಗಳು ಒಂದು ದಿಬ್ಬಕ್ಕೆ ಕರೆದುಕೊಂಡು ಹೋದರು. ಅಲ್ಲಿನ ಹವಳದ ದಿಬ್ಬಗಳು ಕೈಬೆರಳು ಚಾಚಿದ ಹಾಗೆ ಆಳದ ಕಡೆಗೆ ಚಾಚಿಕೊಂಡಿರುತ್ತವೆ. ಬೆರಳ ಸಂದುಗಳಲ್ಲಿ ಬಿಳಿ ಮರಳಿನ ಓಣಿಗಳು. ಅಂಥದ್ದೊಂದು ಓಣಿಯ ತಿರುವಿನಲ್ಲಿ, ಏಳೆಂಟು ಮೀಟರ್ ಆಳದಲ್ಲಿ, ಹತ್ತು ಹದಿನೈದು ಕಂಬಗಳು ಒಂದೇ ಪೀಠದಿಂದ ಎದ್ದು ನಿಂತಿದ್ದವು. ಕೆಲವು ನನಗಿಂತ ಎತ್ತರ. ಮೈತುಂಬ ಕಂದು ತುಪ್ಪಳ. ಅಲೆ ಬಂದಾಗ ಆ ತುಪ್ಪಳ ಒಂದು ಕಡೆ ವಾಲಿ ಮತ್ತೆ ಎದ್ದು ನಿಲ್ಲುತ್ತಿತ್ತು. ಕಲ್ಲಿನ ಹವಳ ಅಂದರೆ ಗಟ್ಟಿ, ಒರಟು ಎಂದು ಓದಿಕೊಂಡಿದ್ದವನಿಗೆ ಇದು ಹವಳ ಎಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು.

ಕಳೆದ ಬೇಸಿಗೆಯಲ್ಲಿ ಅದೇ ಓಣಿಗೆ ಹೋಗಿದ್ದೆ. ಕಂಬಗಳು ಈಗಲೂ ಇವೆ. ಆದರೆ ತುಪ್ಪಳ ಇಲ್ಲ. ಮೇಲೆಲ್ಲ ಹಸಿರು ಕಂದು ಪಾಚಿ, ಒಂದೆರಡು ಕಡೆ ಕೆಂಪು ಸ್ಪಂಜು. ದೂರದಿಂದ ನೋಡಿದವರಿಗೆ ಏನೂ ಆಗಿಲ್ಲ ಅನ್ನಿಸುತ್ತದೆ. ದೋಣಿಯಲ್ಲಿ ಜೊತೆಗಿದ್ದ ಒಬ್ಬರು ಮೇಲೆ ಬಂದ ಮೇಲೆ "ಎಷ್ಟು ಚೆಂದದ ಕಂಬಗಳು" ಎಂದರು. ನನಗೆ ಗಂಟಲು ಕಟ್ಟಿತು, ಏನೂ ಹೇಳಲಿಲ್ಲ.

ಇದರ ವೈಜ್ಞಾನಿಕ ಹೆಸರು ಡೆಂಡ್ರೋಗೈರಾ ಸಿಲಿಂಡ್ರಸ್. 1834ರಲ್ಲಿ ಜರ್ಮನಿಯ ಎರೆನ್‌ಬರ್ಗ್ ಹೆಸರಿಟ್ಟದ್ದು. ಡೆಂಡ್ರೋಗೈರಾ ಕುಲದಲ್ಲಿ ಇರುವುದು ಇದೊಂದೇ ಪ್ರಭೇದ, ಅಣ್ಣತಮ್ಮಂದಿರಿಲ್ಲ. ಕೆರಿಬಿಯನ್ ಕಡಲು, ಬಹಾಮಾಸ್ ಮತ್ತು ಫ್ಲಾರಿಡಾದ ದಕ್ಷಿಣ ತುದಿ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಇಲ್ಲಿ ಆ ಕಡೆ ಡೈವ್ ಮಾಡಿದವರು, ಕೆಲಸ ಮಾಡಿದವರು ಇದ್ದರೆ ನೀವು ಕಂಡದ್ದನ್ನು ಬರೆಯಿರಿ. ಒಂದೇ ಕೋರಿಕೆ: ಜೀವಂತ ಕಂಬ ನೋಡಿದ್ದರೆ ಜಾಗದ ಗುರುತು ಹಾಕಬೇಡಿ, ದ್ವೀಪದ ಹೆಸರು ಸಾಕು.

ಬೆಳದಿಂಗಳು

ನೀರಡಿ ಅವರೇ, ಓದಿ ಮನಸ್ಸು ಭಾರವಾಯಿತು. ನಾನು ಕಡಲಿಗೆ ಇಳಿದವಳಲ್ಲ, ಓದುವ ಹುಚ್ಚು ಅಷ್ಟೇ. ಎರಡು ಪ್ರಶ್ನೆ. ಹವಳದ ಪಾಲಿಪ್‌ಗಳು, ಅಂದರೆ ಹವಳವನ್ನು ಕಟ್ಟುವ ಪುಟ್ಟ ಜೀವಿಗಳು, ಹಗಲು ಒಳಗೆ ಅಡಗಿಕೊಂಡು ರಾತ್ರಿ ಹೊರಗೆ ಬರುತ್ತವೆ ಎಂದು ಓದಿದ್ದೆ. ನೀವು ಹಗಲಲ್ಲೇ ತುಪ್ಪಳ ಕಂಡಿದ್ದು ಹೇಗೆ? ಇನ್ನೊಂದು, ಹಿಂದೂ ಮಹಾಸಾಗರದ ಚಿತ್ರಗಳಲ್ಲೂ ಕಂಬದಂಥ ಹವಳ ನೋಡಿದ ನೆನಪು. ಅದೂ ಇದೇನಾ?

ಜೀವಜಾಲ

ಬೆಳದಿಂಗಳು ಅವರೇ, ನಾನು ಕಡಲ ಜೀವಶಾಸ್ತ್ರ ಪಾಠ ಮಾಡುತ್ತೇನೆ, ಆದ್ದರಿಂದ ಇದಕ್ಕೆ ಉತ್ತರಿಸುವ ಧೈರ್ಯ ಮಾಡುತ್ತೇನೆ.

ನೀವು ಓದಿದ್ದು ಸರಿ. ಕೆರಿಬಿಯನ್‌ನ ಹೆಚ್ಚಿನ ಕಲ್ಲು ಹವಳಗಳು ರಾತ್ರಿಯೇ ಕೈ ಚಾಚುವುದು. ಕಂಬದ ಹವಳ ಮಾತ್ರ ಹಗಲಲ್ಲೂ ಪಾಲಿಪ್‌ಗಳನ್ನು ಹೊರಗೆ ಚಾಚಿಕೊಂಡೇ ಇರುತ್ತದೆ. ನೀರಡಿ ಕಂಡ ತುಪ್ಪಳ ಅಂದರೆ ಸಾವಿರಾರು ಪಾಲಿಪ್‌ಗಳ ಕರಬಳ್ಳಿಗಳು. ಮೀನು ತಾಗಿದರೆ ಆ ಜಾಗದ ಪಾಲಿಪ್‌ಗಳು ಸರಕ್ಕನೆ ಒಳಗೆ ಎಳೆದುಕೊಳ್ಳುತ್ತವೆ, ಪಕ್ಕದವೂ ಎಳೆದುಕೊಳ್ಳುತ್ತವೆ, ಕಂಬದ ಮೇಲೆ ಒಂದು ಬಿಳಿಚು ಅಲೆ ಹರಿದು ಹೋದಂತೆ ಕಾಣುತ್ತದೆ. ತುಪ್ಪಳದ ಕೆಳಗಿನ ಅಸ್ಥಿಪಂಜರ ನೋಡಿದರೆ ಅಂಕುಡೊಂಕು ಕಣಿವೆಗಳು, ಮಿದುಳಿನ ಮೇಲ್ಮೈಯ ಹಾಗೆ. ಅದಕ್ಕೇ ಹೆಸರಿನಲ್ಲಿ ಮರ ಎಂಬ ಅರ್ಥದ "ಡೆಂಡ್ರೋ" ಜೊತೆಗೆ ಸುತ್ತು ಎಂಬ ಅರ್ಥದ "ಗೈರಾ" ಸೇರಿದೆ.

ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನಲ್ಲಿ ಕಂಬದ ಆಕಾರಕ್ಕೆ ಬೆಳೆಯುವ ಹವಳಗಳಿವೆ, ಪವೋನಾ ಕುಲದಲ್ಲಿ, ಪೊರೈಟಿಸ್ ಕುಲದಲ್ಲಿ. ಗೋನಿಯೊಪೊರಾ ಹಗಲಲ್ಲೂ ಪಾಲಿಪ್ ಚಾಚುತ್ತದೆ. ಆಕಾರ ಒಂದಾಯಿತು ಅಂತ ನೆಂಟಸ್ತಿಕೆ ಇಲ್ಲ. ಇದು ಮಿಯಾಂಡ್ರಿನಿಡೆ ಎಂಬ ಅಟ್ಲಾಂಟಿಕ್‌ನದೇ ಆದ ಕುಟುಂಬದ್ದು.

ವಾಸದ ಬಗ್ಗೆ ಎರಡು ಮಾತು. ಒಂದು ಮೀಟರ್‌ನಿಂದ ಇಪ್ಪತ್ತೈದು ಮೀಟರ್ ಆಳದವರೆಗೆ ಸಿಕ್ಕಿದೆ, ಹೆಚ್ಚಾಗಿ ಐದರಿಂದ ಹದಿನೈದು. ಚಪ್ಪಟೆಯಾದ ಅಥವಾ ಸ್ವಲ್ಪವೇ ಇಳಿಜಾರಿನ ದಿಬ್ಬದ ನೆಲ ಬೇಕು, ನೀರು ತಿಳಿಯಾಗಿರಬೇಕು. ಕಡಿದಾದ ಇಳಿಜಾರಿನಲ್ಲಿ ಅಷ್ಟೆತ್ತರದ ಕಂಬ ನಿಲ್ಲುವುದು ಕಷ್ಟ. ಇದರ ಜೀವಕೋಶದೊಳಗೆ ವಾಸಿಸುವ ಪಾಚಿಯೂ ವಿಶೇಷದ್ದು. ಬ್ರೆವಿಯೋಲಮ್ ಕುಲದ ಅದು ಈ ಹವಳಕ್ಕೆ ಎಷ್ಟು ಹೊಂದಿಕೊಂಡಿದೆ ಎಂದರೆ, 2018ರಲ್ಲಿ ಪ್ರತ್ಯೇಕ ಪ್ರಭೇದ ಎಂದು ಗುರುತಿಸಿ ಡೆಂಡ್ರೋಗೈರಮ್ ಎಂದೇ ಹೆಸರಿಟ್ಟರು. ಹವಳ ಹೋದರೆ ಆ ಪಾಚಿಯ ಗತಿ ಏನು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಸಾಗರಯಾನಿ

ನಾನು ಇಪ್ಪತ್ತೆರಡು ವರ್ಷ ಸರಕು ಹಡಗಿನಲ್ಲಿದ್ದವನು. ಜಮೈಕಾ, ಕುರಸಾವ್, ಮಯಾಮಿ, ಎಲ್ಲ ಬಂದರು ಕಂಡಿದ್ದೇನೆ. ಬಿಡುವಿದ್ದಾಗ ಈಜಿದ್ದೇನೆ. ಬೇಸರ ಮಾಡಿಕೊಳ್ಳಬೇಡಿ ನೀರಡಿಯವರೇ, ಆದರೆ ಕೇಳಲೇಬೇಕು. ಈ ಕಂಬದ ಹವಳ ಮೊದಲಿನಿಂದಲೂ ಅಪರೂಪವೇ. ತೊಂಬತ್ತರ ದಶಕದಲ್ಲೂ ಹತ್ತು ಕಡೆ ಮುಳುಗಿದರೆ ಒಂದು ಕಡೆ ಸಿಗುತ್ತಿತ್ತು. ಅಪರೂಪವಾಗಿ ಬದುಕುವುದೇ ಅದರ ರೀತಿ ಆಗಿದ್ದರೆ, ಈಗ ಅಪರೂಪ ಆಗಿದೆ ಅಂತ ಗಾಬರಿ ಯಾಕೆ? ಗಾಳಿ ಮಳೆಗೆ ಬಿದ್ದ ತುಂಡೂ ಮತ್ತೆ ಚಿಗುರುತ್ತದಂತೆ. ಅಂಥ ಗಟ್ಟಿ ಜೀವ ತಾನಾಗೇ ಎದ್ದು ಬರುವುದಿಲ್ಲವೇ?

ಜೀವಜಾಲ

ಒಳ್ಳೆಯ ಪ್ರಶ್ನೆ ಸರ್, ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ನೀವು ಹೇಳಿದ ಮೊದಲರ್ಧ ಪೂರ್ತಿ ಸತ್ಯ. ಫ್ಲಾರಿಡಾದ ಕಂಬಗಳ ಜೀನ್ ಅಧ್ಯಯನ ಮಾಡಿದವರೂ ಇದನ್ನು ವಿರಳವಾಗಿಯೇ ಬದುಕುವ ಪ್ರಭೇದ ಎಂದೇ ಕರೆದರು. ಬಿದ್ದ ಕಂಬ ಚಿಗುರುವುದೂ ನಿಜ. ಚಂಡಮಾರುತದಲ್ಲಿ ಕಂಬ ಮುರಿದು ಮಗ್ಗುಲಾಗಿ ಬಿದ್ದರೆ, ಬಿದ್ದಲ್ಲೇ ನೆಲ ಕಚ್ಚಿಕೊಂಡು, ತನ್ನ ಮಗ್ಗುಲಿನಿಂದಲೇ ಮೇಲಕ್ಕೆ ಹೊಸ ಕಂಬಗಳನ್ನು ಎಬ್ಬಿಸುತ್ತದೆ. ಬಾಳೆಗಿಡದ ಬುಡದಲ್ಲಿ ಮರಿ ಏಳುವ ಹಾಗೆ.

ಆದರೆ ಆ ಮರಿಗಳೆಲ್ಲ ಒಂದೇ ಬಾಳೆ. ತೊಡಕಿರುವುದು ಅಲ್ಲೇ. ನೀರಡಿಯವರು ಕಂಡ ಹದಿನೈದು ಕಂಬ ಹದಿನೈದು ಹವಳ ಅಲ್ಲ, ಬಹುಶಃ ಒಂದೇ. ಪಕ್ಕದ ಹತ್ತಿಪ್ಪತ್ತು ಮೀಟರ್‌ನಲ್ಲಿ ಇನ್ನೊಂದು ಗುಂಪಿದ್ದರೆ ಅದೂ ಎಂದೋ ಮುರಿದುಬಿದ್ದ ಅದರದೇ ತುಂಡು ಆಗಿರಬಹುದು. ಜೀನ್ ಪರೀಕ್ಷೆ ಮಾಡಿ ನೋಡಿದಾಗ ಫ್ಲಾರಿಡಾದಲ್ಲಿ ಒಂದೊಂದು ಜಾಗದ ಕಂಬಗಳು ಬಹುತೇಕ ಒಂದೇ ಜೀವದ ತದ್ರೂಪಿಗಳು ಎಂದು ಗೊತ್ತಾಯಿತು.

ಇನ್ನು ಮುಂದಿನದು. ಹೆಚ್ಚಿನ ಕಲ್ಲು ಹವಳಗಳಲ್ಲಿ ಒಂದೇ ಜೀವದಲ್ಲಿ ಗಂಡು ಹೆಣ್ಣು ಎರಡೂ ಇರುತ್ತವೆ. ಕಂಬದ ಹವಳದಲ್ಲಿ ಸಾಮಾನ್ಯವಾಗಿ ಹಾಗಿಲ್ಲ, ಒಂದು ಗಂಡಾದರೆ ಇನ್ನೊಂದು ಹೆಣ್ಣು. ಎರಡೂ ಲಿಂಗದ ಕೋಶ ಬಿಡುವ ಕೆಲವು ಕಂಡುಬಂದಿವೆ, ಆದರೆ ಅದು ವಿರಳ. ಎದ್ದು ಹೋಗಿ ಜೋಡಿ ಹುಡುಕಲು ಕಾಲಿಲ್ಲ. ವರ್ಷಕ್ಕೆ ಕೆಲವೇ ರಾತ್ರಿ ಗಂಡು ವೀರ್ಯವನ್ನು, ಹೆಣ್ಣು ಮೊಟ್ಟೆಗಳನ್ನು ನೀರಿಗೆ ಬಿಡಬೇಕು, ಅವೆರಡೂ ನೀರಿನಲ್ಲೇ ಸೇರಬೇಕು. ವೀರ್ಯ ನೀರಿನಲ್ಲಿ ಕೆಲವೇ ಮೀಟರ್ ಸಾಗುವಷ್ಟರಲ್ಲಿ ತೆಳುವಾಗಿ ಹೋಗುತ್ತದೆ. ಒಂದು ದಿಬ್ಬದಲ್ಲಿ ನೂರು ಕಂಬವಿದ್ದು, ನೂರೂ ಒಂದೇ ಗಂಡಿನ ತದ್ರೂಪಿ ಆಗಿದ್ದರೆ, ಆ ದಿಬ್ಬದಲ್ಲಿ ಮಗು ಹುಟ್ಟುವುದಿಲ್ಲ.

ಹಾಗಾಗಿ ಸರ್, ಮೊದಲಿನ ಅಪರೂಪಕ್ಕೂ ಈಗಿನ ಅಪರೂಪಕ್ಕೂ ವ್ಯತ್ಯಾಸ ಸಂಖ್ಯೆಯಲ್ಲಿ ಮಾತ್ರ ಅಲ್ಲ. ಮೊದಲು ದೂರ ದೂರ ಇದ್ದವು, ಆದರೆ ನೂರಾರು ವರ್ಷ ಬಾಳುತ್ತಿದ್ದವು. ಇನ್ನೂರು ಬೇಸಿಗೆಯಲ್ಲಿ ಒಮ್ಮೆ ಗಾಳಿ, ನೀರು, ದೂರ ಎಲ್ಲ ಕೂಡಿಬಂದರೆ ಸಾಕಿತ್ತು. ದೀರ್ಘಾಯುಷ್ಯವೇ ಆ ಅಪರೂಪಕ್ಕೆ ಆಧಾರ. ಈಗ ಆಯುಷ್ಯವೇ ಕಡಿದು ಹೋಗಿದೆ. ನನ್ನನ್ನು ಕೇಳಿದರೆ ಕಂಬಗಳನ್ನು ಎಣಿಸುವುದಕ್ಕಿಂತ ಒಂದು ಗಂಡಿನಿಂದ ಹತ್ತಿರದ ಹೆಣ್ಣಿಗೆ ಎಷ್ಟು ದೂರ ಎಂದು ಅಳೆಯುವುದೇ ಸರಿಯಾದ ಲೆಕ್ಕ.

ಸಾಗರಯಾನಿ

ಆಯುಷ್ಯದ ಮಾತು ನನಗೆ ಹೊಳೆದಿರಲಿಲ್ಲ. ವರ್ಷಕ್ಕೆ ಎಷ್ಟು ಬೆಳೆಯುತ್ತದೆ?

ಜೀವಜಾಲ

ದಕ್ಷಿಣ ಕೆರಿಬಿಯನ್‌ನ ಕುರಸಾವ್ ದ್ವೀಪದ ಕಡೆ ವರ್ಷಕ್ಕೆ ಸುಮಾರು 8 ಮಿಲಿಮೀಟರ್, ಫ್ಲಾರಿಡಾದಲ್ಲಿ ಹೆಚ್ಚೆಂದರೆ 2 ಸೆಂಟಿಮೀಟರ್‌ವರೆಗೆ ಅಳೆದಿದ್ದಾರೆ. ಅತಿ ಎತ್ತರದ ಕಂಬಗಳು ಸುಮಾರು 3 ಮೀಟರ್. ವೇಗದ ಲೆಕ್ಕ ಹಿಡಿದರೂ ನೂರೈವತ್ತು ವರ್ಷ, ನಿಧಾನದ ಲೆಕ್ಕದಲ್ಲಿ ಮುನ್ನೂರೈವತ್ತು ದಾಟುತ್ತದೆ. ಎರೆನ್‌ಬರ್ಗ್ ಹೆಸರಿಡುವಾಗ ನಿಂತಿದ್ದ ಕಂಬವೇ 2014ರಲ್ಲೂ ನಿಂತಿರುವುದು ಸಾಧ್ಯವಿತ್ತು.

ತೆರೆನೊರೆ

ಕುರಸಾವ್ ಹೆಸರು ಬಂತಲ್ಲ, ನಾನು ಬರೆಯದೆ ಇರಲಾರೆ. ಓದುವಾಗ ಒಂದು ಬೇಸಿಗೆ ಅಲ್ಲಿ ರಾತ್ರಿ ಡೈವಿಂಗ್‌ಗೆ ಕೈಜೋಡಿಸಿದ್ದೆ. ಹವಳ ಮೊಟ್ಟೆಯಿಡುವುದನ್ನು ಕಾಯುವ ಕೆಲಸ.

ಆಗಸ್ಟ್ ಹುಣ್ಣಿಮೆ ಆದ ಮೇಲೆ ಎರಡನೆಯ, ಮೂರನೆಯ, ನಾಲ್ಕನೆಯ ರಾತ್ರಿಗಳು. ಸೂರ್ಯ ಮುಳುಗಿ ಒಂದೂವರೆ ಎರಡು ಗಂಟೆ ಆದ ಮೇಲೆ. ಇಷ್ಟು ನಿಖರವಾಗಿ ಗೊತ್ತಿದ್ದರೂ ಮೊದಲ ಎರಡು ರಾತ್ರಿ ನಮಗೆ ಏನೂ ಕಾಣಲಿಲ್ಲ. ದೀಪ ಆರಿಸಿ, ಮರಳಿನ ಮೇಲೆ ಮಂಡಿಯೂರಿ, ಕತ್ತಲಲ್ಲಿ ಕಾಯುವುದು. ಬೆಳಕು ಬಿದ್ದರೆ ಹವಳಕ್ಕೆ ಗೊಂದಲ ಆಗಬಹುದು ಅಂತ ಆಗಾಗ ಕೆಂಪು ದೀಪ ಮಾತ್ರ ಹಾಯಿಸುತ್ತಿದ್ದೆವು. ನಮ್ಮ ಉಸಿರಿನ ಗುಳ್ಳೆಗಳ ಸದ್ದು ಬಿಟ್ಟರೆ ಏನೂ ಇಲ್ಲ. ಮೂರನೆಯ ರಾತ್ರಿ ಒಂದು ಕಂಬದ ತುದಿಯಿಂದ ಹೊಗೆ ಎದ್ದಿತು. ಕೊಳ್ಳಿ ಆರಿಸಿದಾಗ ಏಳುವ ಹಾಗೆ, ತೆಳು ಬಿಳಿ ಹೊಗೆ. ಗಂಡು. ಕಂಬದ ಮೇಲಿಂದ ಕೆಳಗಿನವರೆಗೆ ಹೊಗೆ ಹಬ್ಬಿತು. ಸ್ವಲ್ಪ ಹೊತ್ತಾದ ಮೇಲೆ ಆಚೆ ಇದ್ದ ಗುಂಪಿನಿಂದ ಸಣ್ಣ ಸಣ್ಣ ಮೊಟ್ಟೆಗಳು, ಸಾಸಿವೆಗಿಂತ ಚಿಕ್ಕವು, ತೇಲಿ ಬಂದವು. ಬಲೆ ಹೊದಿಸಿ ಮೊಟ್ಟೆ ಹಿಡಿದೆವು. ವೀರ್ಯವನ್ನು ಸಿರಿಂಜಿನಲ್ಲಿ ಎಳೆದುಕೊಂಡೆವು. ಎಲ್ಲ ಮುಗಿಯಲು ಬಹಳ ಹೊತ್ತು ಹಿಡಿಯಲಿಲ್ಲ. ದೋಣಿಗೆ ಏರಿದಾಗ ಯಾರೂ ಮಾತಾಡಲಿಲ್ಲ, ಎಲ್ಲರ ಕಣ್ಣೂ ಒದ್ದೆ. ಉಪ್ಪುನೀರು ಅಂತ ಹೇಳಿಕೊಳ್ಳಬಹುದಿತ್ತು.

ಜೀವಜಾಲ ಸರ್ ಹೇಳಿದ ದೂರದ ಲೆಕ್ಕ ನನಗೆ ಅವತ್ತು ಕಣ್ಣಾರೆ ಕಂಡಿತು. ಗಂಡಿನ ಹೊಗೆ ಹರಿವಿನ ಜೊತೆ ಒಂದು ಕಡೆಗೆ ಹೋಗುತ್ತಿತ್ತು, ಹೆಣ್ಣು ಇದ್ದದ್ದು ಇನ್ನೊಂದು ಕಡೆ. ನಾವು ಸಿರಿಂಜಿನಲ್ಲಿ ಹೊತ್ತು ತರದಿದ್ದರೆ ಅವು ಆ ವರ್ಷ ಸೇರುತ್ತಲೇ ಇರಲಿಲ್ಲ.

ಆ ದ್ವೀಪದ ಕಾರ್ಮಾಬಿ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುವ ಕ್ರಿಸ್ಟನ್ ಮಾರ್ಹೇವರ್ ಮತ್ತು ಜೊತೆಗಾರರು ಕಂಬದ ಹವಳದ ಮರಿಗಳನ್ನು ಪ್ರಯೋಗಾಲಯದಲ್ಲಿ ನೆಲೆ ನಿಲ್ಲಿಸಿದ್ದನ್ನು 2015ರಲ್ಲಿ ಪ್ರಕಟಿಸಿದರು. ಅಲ್ಲಿಯವರೆಗೆ ಕಡಲಲ್ಲಿ ಈ ಹವಳದ ಎಳೆಮರಿ ಕಂಡವರೇ ಹೆಚ್ಚುಕಡಿಮೆ ಇರಲಿಲ್ಲ. ಸಮೀಕ್ಷೆ ಮೇಲೆ ಸಮೀಕ್ಷೆ ಮಾಡಿದರೂ ಎಲ್ಲೆಲ್ಲೂ ಮುದುಕರೇ.

ಬೆಳದಿಂಗಳು

ಎಲ್ಲೆಲ್ಲೂ ಮುದುಕರೇ ಎಂಬ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಮಕ್ಕಳು ದೊಡ್ಡವರಾಗಿ ಹೊರಟು ಹೋದ ಊರುಗಳ ನೆನಪಾಯಿತು. ಇಲ್ಲಿ ಮಕ್ಕಳು ಹುಟ್ಟೇ ಇಲ್ಲವಲ್ಲ.

ಕಲ್ಲುಹೂ

ನೀರಡಿ, 2011ರಿಂದ ಈಚೆಗೆ ನಿಮ್ಮ ಆ ಓಣಿಯಲ್ಲಿ ಏನಾಯಿತು ಅಂತ ಬರೆದಿಲ್ಲ. ರೋಗವೋ, ಬಿಸಿಯೋ, ಲಂಗರೋ? ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟುವುದು ನನಗೆ ಒಪ್ಪಿಗೆ ಇಲ್ಲ, ಅದಕ್ಕೇ ಕೇಳುತ್ತಿದ್ದೇನೆ.

ನೀರಡಿ

ಕಲ್ಲುಹೂ, ಮೂರೂ. ಆದರೆ ಸಮಪಾಲು ಅಲ್ಲ.

ಲಂಗರಿನ ಕಥೆ ಮೊದಲು ಮುಗಿಸುತ್ತೇನೆ. 2013ರಲ್ಲಿ ಯಾರೋ ಮೀನು ಹಿಡಿಯಲು ಬಂದವರ ದೋಣಿಯ ಲಂಗರು ಹೊರಗಿನ ಎರಡು ಕಂಬ ಕೆಡವಿತು. ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಆ ಎರಡೂ ಬಿದ್ದಲ್ಲೇ ಬದುಕಿದವು. ಮರುವರ್ಷ ನೋಡಿದಾಗ ಒಂದರ ಮಗ್ಗುಲಲ್ಲಿ ಹೆಬ್ಬೆರಳಿನಷ್ಟು ಗುಬುಟು ಎದ್ದಿತ್ತು, ಮೇಲ್ಮುಖವಾಗಿ. ಅಂದರೆ ಸಾಗರಯಾನಿ ಸರ್ ಹೇಳಿದ ಗಟ್ಟಿತನ ನಿಜ, ನಾನೇ ಸಾಕ್ಷಿ.

2014 ಮತ್ತು 2015ರ ಎರಡೂ ಬೇಸಿಗೆ ನೀರು ಕಾದು ಫ್ಲಾರಿಡಾದ ಹವಳಗಳು ಬಿಳಿಚಿಕೊಂಡವು. ಒಳಗಿನ ಪಾಚಿಯನ್ನು ಹೊರಹಾಕಿದ ಕಂಬ ಸುಣ್ಣ ಬಳಿದ ಹಾಗೆ ಇರುತ್ತದೆ, ಜೀವ ಇರುತ್ತದೆ, ಆದರೆ ಉಪವಾಸ. ಕೆಲವು ಚೇತರಿಸಿಕೊಂಡವು. ಅಷ್ಟರಲ್ಲಿ ರೋಗ ಬಂತು.

2014ರ ಸೆಪ್ಟೆಂಬರ್‌ನಲ್ಲಿ ಮಯಾಮಿ ಹತ್ತಿರದ ವರ್ಜೀನಿಯಾ ಕೀ ಬಳಿ ಮೊದಲು ಕಂಡ ರೋಗ ಅದು. ಕಲ್ಲು ಹವಳದ ಅಂಗಾಂಶ ನಷ್ಟದ ರೋಗ ಎಂದು ಕನ್ನಡದಲ್ಲಿ ಹೇಳಬಹುದು. ಇಪ್ಪತ್ತಕ್ಕೂ ಹೆಚ್ಚು ಪ್ರಭೇದಗಳಿಗೆ ತಗಲುತ್ತದೆ, ಕಂಬದ ಹವಳದ ಕುಟುಂಬಕ್ಕೆ ಎಲ್ಲಕ್ಕಿಂತ ಬೇಗ, ಎಲ್ಲಕ್ಕಿಂತ ಜೋರಾಗಿ. ಕೀಸ್ ಸಾಲಿನಲ್ಲಿ ಅದು ವರ್ಷದಿಂದ ವರ್ಷಕ್ಕೆ ದಕ್ಷಿಣಕ್ಕೆ, ಪಶ್ಚಿಮಕ್ಕೆ ಸರಿಯಿತು. ನಮ್ಮ ಓಣಿಗೆ ಬಂದಾಗ ನಾನು ಎರಡು ವಾರದ ಅಂತರದಲ್ಲಿ ಎರಡು ಸಲ ಇಳಿದಿದ್ದೆ. ಮೊದಲ ಸಲ ಒಂದು ಕಂಬದ ಬುಡದಲ್ಲಿ ಅಂಗೈಯಗಲ ಬಿಳಿ. ತುಪ್ಪಳ ಸುಲಿದು ಹೋಗಿ ಒಳಗಿನ ಕಣಿವೆಗಳು ಬೆತ್ತಲೆ ಕಾಣುತ್ತಿದ್ದವು. ಎರಡನೆಯ ಸಲ ಆರು ಕಂಬ ಪೂರ್ತಿ ಬಿಳಿ. ಬಿಳಿಚಿದ್ದಲ್ಲ, ಸತ್ತದ್ದು. ಇನ್ನೂರು ವರ್ಷ ಗಾಳಿ ತಡೆದದ್ದು ಹದಿನೈದು ದಿನದಲ್ಲಿ.

ಲಂಗರು ಬಿದ್ದಾಗ ಕೂಗಾಡಿದವನು ಆ ದಿನ ಯಾರ ಮೇಲೆ ಕೂಗಲಿ?

ಫ್ಲಾರಿಡಾದ ಕಂಬಗಳನ್ನು ಕ್ಯಾರೆನ್ ನೀಲಿ ಮತ್ತು ಜೊತೆಗಾರರು ಒಂದೊಂದಾಗಿ ಗುರುತು ಹಾಕಿ ವರ್ಷಗಟ್ಟಲೆ ನೋಡಿಕೊಂಡು ಬಂದಿದ್ದರು. ಅವರ ದಾಖಲೆ ಪ್ರಕಾರ 2020ರ ಹೊತ್ತಿಗೆ ಅಲ್ಲಿನ ಜೀವಂತ ಅಂಗಾಂಶದಲ್ಲಿ ಶೇಕಡಾ 90ಕ್ಕೂ ಹೆಚ್ಚು ಹೋಗಿತ್ತು. ಉಳಿದವು ಒಂದಕ್ಕೊಂದು ಎಷ್ಟು ದೂರ ಎಂದರೆ, ಸಂತಾನದ ದೃಷ್ಟಿಯಿಂದ ಅಲ್ಲಿ ಆ ಪ್ರಭೇದ ಮುಗಿದ ಹಾಗೆ ಎಂದೇ ಅವರು ಬರೆದರು.

ಸಾಗರಯಾನಿ

ಹಡಗಿನವನಾಗಿ ಒಂದು ವಿಷಯ ಕೇಳಬೇಕು. ಆ ರೋಗ ಶುರುವಾದದ್ದು ಬಂದರಿನ ಬಾಯಲ್ಲೇ. ಹಡಗುಗಳು ಸಮತೋಲಕ್ಕೆ ಒಂದು ಕಡೆ ತುಂಬಿಕೊಂಡು ಇನ್ನೊಂದು ಕಡೆ ಚೆಲ್ಲುವ ಬ್ಯಾಲಸ್ಟ್ ನೀರಿನ ಪಾಲು ಇದೆಯೇ?

ಜೀವಜಾಲ

ಅನುಮಾನ ಬಲವಾಗಿಯೇ ಇದೆ ಸರ್. ರೋಗ ಹರಿವಿನ ಜೊತೆ ಮಾತ್ರ ಸಾಗಿದ್ದರೆ ಅದರ ದಾರಿ ಬೇರೆ ಇರುತ್ತಿತ್ತು. 2018ರಲ್ಲಿ ಜಮೈಕಾ ಮತ್ತು ಮೆಕ್ಸಿಕೋದ ಯುಕಟಾನ್ ತೀರ, 2019ರಲ್ಲಿ ವರ್ಜಿನ್ ದ್ವೀಪಗಳು ಮತ್ತು ಬೆಲೀಜ್, 2023ರಲ್ಲಿ ಬೊನೇರ್ ಮತ್ತು ಕುರಸಾವ್. ಹೀಗೆ ಜಿಗಿಜಿಗಿದು ಹೋಗಿದೆ. ರೋಗ ಹತ್ತಿದ ಹವಳ ಇಟ್ಟ ನೀರನ್ನಷ್ಟೇ ಹಾಯಿಸಿದರೂ ಆರೋಗ್ಯವಂತ ಹವಳಕ್ಕೆ ತಗಲುವುದನ್ನು ಪ್ರಯೋಗದಲ್ಲಿ ತೋರಿಸಿದ್ದಾರೆ. ಮಯಾಮಿ ಬಂದರಿನಲ್ಲಿ ಆ ಹೊತ್ತಿಗೆ ದೊಡ್ಡ ಹೂಳೆತ್ತುವ ಕೆಲಸವೂ ನಡೆದಿತ್ತು, ಹೂಳು ಕೂತ ಹವಳ ಮೊದಲೇ ಬಳಲಿರುತ್ತದೆ. ಆದರೆ ಇದೇ ರೋಗಾಣು ಎಂದು ಎಲ್ಲ ಪ್ರಭೇದಗಳಿಗೂ ಒಂದನ್ನೇ ಬೊಟ್ಟು ಮಾಡಲು ವಿಜ್ಞಾನಿಗಳಿಗೆ ಆಗಿಲ್ಲ. ಚಿಕಿತ್ಸೆ ಮಾತ್ರ ಒಂದು ಸಿಕ್ಕಿದೆ: ಅಮಾಕ್ಸಿಸಿಲಿನ್.

ಕಲ್ಲುಹೂ

ನಾವು ಗಂಟಲು ನೋವಿಗೆ ನುಂಗುವ ಅಮಾಕ್ಸಿಸಿಲಿನ್ನಾ? ಕಡಲಿಗೆ ಆಂಟಿಬಯಾಟಿಕ್ ಸುರಿಯುವುದು ಸರಿಯೇ? ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಹುಟ್ಟಿದರೆ ಏನು ಮಾಡುತ್ತಾರೆ?

ತೆರೆನೊರೆ

ಸುರಿಯುವುದಲ್ಲ. ಗಟ್ಟಿ ಮುಲಾಮಿನಂಥ ಲೇಪಕ್ಕೆ ಕಲಸಿ, ಸತ್ತ ಭಾಗಕ್ಕೂ ಜೀವಂತ ಭಾಗಕ್ಕೂ ನಡುವಿನ ಗೆರೆಯ ಮೇಲೆ ಬೆರಳಿನಿಂದ ಒತ್ತಿ ಹಚ್ಚುತ್ತಾರೆ, ಕಿಟಕಿ ಗಾಜಿಗೆ ಪುಟ್ಟಿ ಒತ್ತುವ ಹಾಗೆ. ಔಷಧ ಸುಮಾರು ಮೂರು ದಿನ ನಿಧಾನವಾಗಿ ಬಿಡುಗಡೆ ಆಗುತ್ತದೆ. ಹಚ್ಚಿದ ಗಾಯ ಬಹಳ ಸಲ ನಿಲ್ಲುತ್ತದೆ. ಆದರೆ ಪಕ್ಕದಲ್ಲಿ ಹೊಸ ಗಾಯ ಏಳುವುದನ್ನು ತಡೆಯುವುದಿಲ್ಲ, ಆದ್ದರಿಂದ ಮತ್ತೆ ಮತ್ತೆ ಹೋಗಿ ನೋಡಬೇಕು. ನಿಮ್ಮ ಆತಂಕ ಅಲ್ಲಿನವರಿಗೂ ಇದೆ, ಅದಕ್ಕೇ ಇಡೀ ದಿಬ್ಬಕ್ಕೆ ಹಚ್ಚುವುದಿಲ್ಲ. ಕೆಲವೇ ಕಂಬ ಉಳಿದಿರುವಾಗ ಅವುಗಳ ಮೇಲೆ ಹಚ್ಚದೆ ಬಿಡುವುದು ನನಗಂತೂ ಆಗುತ್ತಿರಲಿಲ್ಲ.

ಕಲ್ಲುಹೂ

ಸರಿ, ಅರ್ಥವಾಯಿತು. ಪೂರ್ತಿ ಒಪ್ಪಿದೆ ಅಂತ ಅಲ್ಲ, ಆದರೆ ನಿಮ್ಮ ಜಾಗದಲ್ಲಿದ್ದರೆ ನಾನೂ ಹಚ್ಚುತ್ತಿದ್ದೆ.

ಗಾಜಿನತೊಟ್ಟಿ

ನಮಸ್ಕಾರ, ನಾನು ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟಿದ್ದೇನೆ. ಒಂದೊಂದು ತುಂಡನ್ನು ನಮ್ಮಂಥ ಹವ್ಯಾಸಿಗಳಿಗೆ ಕೊಟ್ಟರೆ ಸಾವಿರ ಮನೆಯಲ್ಲಿ ಉಳಿಯುವುದಿಲ್ಲವೇ?

ಜೀವಜಾಲ

ಕಳಕಳಿ ಅರ್ಥವಾಗುತ್ತದೆ, ಆದರೆ ಬೇಡ. ಕಲ್ಲು ಹವಳಗಳೆಲ್ಲ ವನ್ಯಜೀವಿ ವ್ಯಾಪಾರದ ಮೇಲಿನ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ, ದೇಶದ ಗಡಿ ದಾಟಿಸಲು ಪರವಾನಗಿ ಬೇಕು. ಅಳಿವಿನ ಅಪಾಯದಲ್ಲಿರುವ ಜೀವಿಗಳ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಕಂಬದ ಹವಳ 2022ರಲ್ಲಿ "ತೀವ್ರ ಅಪಾಯದಲ್ಲಿರುವ" ವರ್ಗಕ್ಕೆ ಇಳಿಯಿತು. 1990ರಿಂದೀಚೆಗೆ ಅದರ ನೆಲೆಯ ಬಹುಭಾಗದಲ್ಲಿ ಶೇಕಡಾ 80ಕ್ಕೂ ಹೆಚ್ಚು ಕುಸಿದಿದೆ ಎಂಬ ಕಾರಣಕ್ಕೆ. ಅಮೆರಿಕ ತನ್ನ ಕಾನೂನಿನಲ್ಲಿ 2014ರಲ್ಲಿ ಇದಕ್ಕೆ ರಕ್ಷಣೆ ಕೊಟ್ಟಿತ್ತು, 2024ರ ಡಿಸೆಂಬರ್‌ನಲ್ಲಿ ಅದನ್ನು ಇನ್ನೂ ಗಂಭೀರ ವರ್ಗಕ್ಕೆ ಏರಿಸಿತು. ಹವ್ಯಾಸದ ಮಾರುಕಟ್ಟೆ ತೆರೆದರೆ ಉಳಿದ ಕಂಬವನ್ನೂ ಉಳಿಯಿಂದ ಕೆತ್ತುವವರು ಹುಟ್ಟುತ್ತಾರೆ.

ಆದರೆ ನಿಮ್ಮ ಯೋಚನೆಯ ತಿರುಳು, ಅಂದರೆ ದಡದ ಮೇಲೆ ತೊಟ್ಟಿಯಲ್ಲಿ ಉಳಿಸುವುದು, ಅದನ್ನೇ ಫ್ಲಾರಿಡಾದಲ್ಲಿ ಮಾಡಿದರು. ರೋಗ ಎಲ್ಲವನ್ನೂ ಮುಗಿಸುವ ಮೊದಲು ಸಾಧ್ಯವಾದಷ್ಟು ಜೀವಗಳಿಂದ ತುಂಡು ತೆಗೆದು ದಡಕ್ಕೆ ತಂದರು. ಟ್ಯಾಂಪಾದ ಫ್ಲಾರಿಡಾ ಅಕ್ವೇರಿಯಂನವರು, ಲಂಡನ್‌ನ ಹಾರ್ನಿಮನ್ ಮ್ಯೂಸಿಯಂನವರು ಬೆಳೆಸಿದ ವಿಧಾನ ಹಿಡಿದು, ತೊಟ್ಟಿಯ ಮೇಲೆ ಕಡಲಿನ ವರ್ಷವನ್ನೇ ಕಟ್ಟಿದರು. ದೀಪದಿಂದ ಸೂರ್ಯೋದಯ, ಸೂರ್ಯಾಸ್ತ, ಚಂದ್ರನ ವೃದ್ಧಿ ಕ್ಷಯ, ತಿಂಗಳಿಗೆ ತಕ್ಕ ನೀರಿನ ಬಿಸಿ. 2019ರ ಆಗಸ್ಟ್‌ನಲ್ಲಿ ಆ ತೊಟ್ಟಿಯ ಕಂಬಗಳು ಮೊಟ್ಟೆ ಬಿಟ್ಟವು. ಅಟ್ಲಾಂಟಿಕ್‌ನ ಯಾವುದೇ ಹವಳವನ್ನು ಹೀಗೆ ಪ್ರಯೋಗಾಲಯದಲ್ಲಿ ಮೊಟ್ಟೆಯಿಡಿಸಿದ್ದು ಅದೇ ಮೊದಲು.

ಸಾಗರಯಾನಿ

ಮೆಚ್ಚುವಂಥ ಕೆಲಸ, ಇಲ್ಲ ಅನ್ನುವುದಿಲ್ಲ. ಆದರೆ ಆ ಮರಿಗಳನ್ನು ಎಲ್ಲಿಗೆ ಬಿಡುವುದು? 2023ರ ಜುಲೈನಲ್ಲಿ ಫ್ಲಾರಿಡಾದ ಒಂದು ಕೊಲ್ಲಿಯಲ್ಲಿ ನೀರು 38 ಡಿಗ್ರಿ ಸೆಲ್ಸಿಯಸ್ ದಾಟಿತು ಅಂತ ಓದಿದೆ. ಸ್ನಾನದ ನೀರು ಅದು. ಮನೆ ಹೊತ್ತಿ ಉರಿಯುವಾಗ ತೊಟ್ಟಿಲು ಕಟ್ಟಿದ ಹಾಗಲ್ಲವೇ?

ನೀರಡಿ

ಸರ್, ಆ 38 ಡಿಗ್ರಿ ಬಂದದ್ದು ಮ್ಯಾನಟೀ ಬೇ ಎಂಬ ಆಳವಿಲ್ಲದ, ಕೆಸರು ತಳದ ಕೊಲ್ಲಿಯಲ್ಲಿ. ದಿಬ್ಬದ ಮೇಲೆ ಅಷ್ಟಿರಲಿಲ್ಲ. ಆದರೆ ದಿಬ್ಬದ ಮೇಲೂ ಹವಳ ತಡೆಯಲಾರದಷ್ಟು ಬಿಸಿ, ಅದೂ ಜುಲೈ ಶುರುವಿಗೇ, ವಾರಗಟ್ಟಲೆ. ಆಗ ಕಡಲ ನರ್ಸರಿಗಳಲ್ಲಿದ್ದ ಹವಳಗಳನ್ನೂ ಕಿತ್ತು ದಡಕ್ಕೆ ಹೊತ್ತು ತಂದರು. ನಿಮ್ಮ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ತೊಟ್ಟಿಲು ಸುಮ್ಮನೆ ಕಟ್ಟುತ್ತಿಲ್ಲ ಅಂತ ಮಾತ್ರ ಹೇಳಬಲ್ಲೆ. ಒಂದು ಗಂಡು ಒಂದು ಹೆಣ್ಣಿನಿಂದ ಹುಟ್ಟಿದ ಸಾವಿರ ಮರಿಗಳಲ್ಲಿ ಪ್ರತಿಯೊಂದೂ ಹೊಸ ಜೀವ. ತುಂಡು ನೆಟ್ಟರೆ ಹಳೆಯದೇ ಮತ್ತೊಮ್ಮೆ. ರೋಗಕ್ಕೋ ಬಿಸಿಗೋ ತಡೆದುಕೊಳ್ಳುವ ಮರಿಯೊಂದು ಹುಟ್ಟಬೇಕಾದರೆ ಮೊದಲು ಮರಿ ಹುಟ್ಟಬೇಕಲ್ಲ.

ಜೀವಜಾಲ

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಮರಿ ನೆಲೆಯೂರಲು ಸ್ವಚ್ಛ ಕಲ್ಲು ಬೇಕು, ಅದರ ಮೇಲೆ ಗುಲಾಬಿ ಬಣ್ಣದ ಸುಣ್ಣದ ಪಾಚಿ ಇದ್ದರೆ ಇನ್ನೂ ಒಳ್ಳೆಯದು. ಕೆರಿಬಿಯನ್‌ನಲ್ಲಿ ಬಂಡೆಗಳ ಮೇಲಿನ ಹಸಿ ಪಾಚಿಯನ್ನು ಮೇಯ್ದು ಸ್ವಚ್ಛ ಇಡುತ್ತಿದ್ದದ್ದು ಡಯಾಡೆಮಾ ಎಂಬ ಉದ್ದ ಕರಿಮುಳ್ಳಿನ ಕಡಲ ಅರ್ಚಿನ್, ಮುಳ್ಳಿನ ಚೆಂಡಿನಂಥ ಪ್ರಾಣಿ. 1983-84ರಲ್ಲಿ ರೋಗ ಬಂದು ಅವು ಬಹುತೇಕ ಸತ್ತವು. ಅಲ್ಲಲ್ಲಿ ಚೇತರಿಸುತ್ತಿದ್ದಾಗ 2022ರಲ್ಲಿ ಇನ್ನೊಂದು ಸಾವಿನ ಅಲೆ. ಹವಳ ಉಳಿಸಬೇಕು ಅನ್ನುವವರು ಅರ್ಚಿನ್‌ನನ್ನೂ ಸಾಕಿ ಬಿಡುತ್ತಿರುವುದು ಇದಕ್ಕೇ. ಕಂಬದ ಹವಳದ ನೆಲೆ ಅಂದರೆ ಆಳ, ಬೆಳಕು, ಇಳಿಜಾರು ಮಾತ್ರ ಅಲ್ಲ, ಅಲ್ಲಿ ಮೇಯುವವರೂ ಸೇರಿ.

ತೆರೆನೊರೆ

ಫ್ಲಾರಿಡಾ ಒಂದನ್ನೇ ನೋಡಿ ಎಲ್ಲ ಮುಗಿಯಿತು ಅನ್ನಬೇಡಿ ಅಂತ ಕೇಳಿಕೊಳ್ಳುತ್ತೇನೆ. ಕೊಲಂಬಿಯಾಕ್ಕೆ ಸೇರಿದ ಪ್ರೊವಿಡೆನ್ಸಿಯಾ ದ್ವೀಪದ ಸುತ್ತ ಕಂಬದ ಹವಳ ಚೆನ್ನಾಗಿಯೇ ಇತ್ತು. 2020ರ ನವೆಂಬರ್‌ನಲ್ಲಿ ಅಯೋಟಾ ಚಂಡಮಾರುತ ಆ ದ್ವೀಪದ ಮನೆಗಳನ್ನೇ ಕಿತ್ತೊಗೆಯಿತು. ಬಿರುಗಾಳಿ ಮುರಿದದ್ದನ್ನು ಕಂಬದ ಹವಳ ಎದುರಿಸಬಲ್ಲದು, ಅದರ ಇಡೀ ಬದುಕೇ ಬಿದ್ದು ಏಳುವುದು. ನನಗೆ ಭಯ ಇರುವುದು ಆ ತುಂಡುಗಳು ನೆಲ ಕಚ್ಚುವಷ್ಟರಲ್ಲಿ ರೋಗ ಬಂದರೆ ಎಂದು.

ನೀರಡಿ, ನಿಮ್ಮ 2011ರ ಚಿತ್ರಗಳು ಉಳಿದಿವೆಯಾ? ದಿನಾಂಕ, ಆಳ ಗೊತ್ತಿರುವ ಹಳೆಯ ಚಿತ್ರಗಳು ಸಂಶೋಧಕರಿಗೆ ನಿಜಕ್ಕೂ ಬೇಕಾಗುತ್ತವೆ. ಕಂಬದ ಎತ್ತರ, ಎಷ್ಟು ಭಾಗ ಜೀವಂತ, ಪಕ್ಕದ ಗುಂಪು ಎಷ್ಟು ದೂರ, ಎಲ್ಲ ಅಂದಾಜು ಸಿಗುತ್ತದೆ.

ನೀರಡಿ

ನಿನ್ನೆ ರಾತ್ರಿ ಹಳೆಯ ಹಾರ್ಡ್‌ಡಿಸ್ಕ್ ಹುಡುಕಿದೆ. ಹನ್ನೊಂದು ಚಿತ್ರ ಸಿಕ್ಕವು. ಹತ್ತರಲ್ಲಿ ನೀರು ಕಲಕಿ ಏನೂ ಸರಿಯಾಗಿ ಕಾಣುವುದಿಲ್ಲ, ಆಗಿನ್ನೂ ಕಲಿಯುತ್ತಿದ್ದೆ, ಕಾಲ್ಬೀಸಿ ಮರಳೆಬ್ಬಿಸಿದ್ದೇನೆ. ಒಂದು ಮಾತ್ರ ಸ್ಪಷ್ಟ ಇದೆ. ನಮ್ಮ ಗುರುಗಳು ಕಂಬಗಳ ಪಕ್ಕ ನೆಟ್ಟಗೆ ತೇಲಿ ನಿಂತಿದ್ದಾರೆ, ಹಾಗಾಗಿ ಎತ್ತರ ಅಳೆಯಬಹುದು. ಅವರ ರೆಕ್ಕೆಪಾದದಿಂದ ತಲೆಯವರೆಗೆ ಹಿಡಿದು ನೋಡಿದರೆ ಅತಿ ಎತ್ತರದ ಕಂಬ ಎರಡು ಮೀಟರ್‌ಗಿಂತ ಸ್ವಲ್ಪ ಹೆಚ್ಚು. ಎಲ್ಲ ಕಂಬಕ್ಕೂ ಬುಡದಿಂದ ತುದಿಯವರೆಗೆ ತುಪ್ಪಳ.

ಇಷ್ಟು ವರ್ಷ ನಾನು ಗಮನಿಸದ ಒಂದು ವಿಷಯವೂ ಆ ಚಿತ್ರದಲ್ಲಿದೆ. ಗುರುಗಳ ಹಿಂದೆ, ಮರಳಿನ ಓಣಿಯ ಆಚೆ ದಿಣ್ಣೆಯ ಮೇಲೆ, ನೀಲಿಯೊಳಗೆ ಮಸುಕಾಗಿ ಇನ್ನೊಂದು ಗುಂಪು ಕಂಬ. ಹನ್ನೆರಡು ಹದಿಮೂರು ಮೀಟರ್ ದೂರ ಇರಬಹುದು. ನಾನು ಅಲ್ಲಿಗೆ ಒಮ್ಮೆಯೂ ಹೋಗಲಿಲ್ಲ. ಇವಕ್ಕೆ ಅದು ಜೋಡಿಯೋ, ಎಂದೋ ಮುರಿದು ಬಿದ್ದ ಇವುಗಳದೇ ತುಂಡೋ, ಚಿತ್ರ ನೋಡಿ ಹೇಳುವ ಹಾಗಿಲ್ಲ. ತೆರೆನೊರೆ, ದಿನಾಂಕ ಮತ್ತು ಆಳ ನನ್ನ ಡೈವಿಂಗ್ ಪುಸ್ತಕದಲ್ಲಿದೆ, ಚಿತ್ರದ ಜೊತೆ ಖಾಸಗಿ ಸಂದೇಶದಲ್ಲಿ ಈಗಲೇ ಕಳಿಸುತ್ತಿದ್ದೇನೆ.